ಒಂಟಿಯಾಗಿ ಕಾಡಿಗೆ ಹೋಗುವ ಹುಡುಗರು: ಕ್ರಿಸ್ ಮೆಕ್‌ಕ್ಯಾಂಡ್ಲೆಸ್ ಹೋದದ್ದು ಯಾಕೆ, ವಾಪಸ್ ಬರಲಾಗದ್ದು ಯಾಕೆ?

ನದಿದಂಡೆ (ಚರ್ಚೆ ಶುರು ಮಾಡಿದವರು)

1992ರ ಏಪ್ರಿಲ್ 28. ಅಲಾಸ್ಕಾದ ಹೀಲಿ ಎಂಬ ಸಣ್ಣ ಊರಿನ ಹತ್ತಿರ ಜಿಮ್ ಗ್ಯಾಲಿಯನ್ ಎಂಬ ಎಲೆಕ್ಟ್ರಿಷಿಯನ್ ತಮ್ಮ ಟ್ರಕ್ಕಿನಿಂದ 24 ವರ್ಷದ ಹುಡುಗನೊಬ್ಬನನ್ನು ಇಳಿಸಿದರು. ಹುಡುಗ ಹೇಳಿಕೊಂಡ ಹೆಸರು ಅಲೆಕ್ಸ್. ನಿಜವಾದ ಹೆಸರು ಕ್ರಿಸ್ಟೋಫರ್ ಮೆಕ್‌ಕ್ಯಾಂಡ್ಲೆಸ್. ಅವನ ಹತ್ತಿರ ಇದ್ದದ್ದು ನಾಲ್ಕೂವರೆ ಕೆಜಿ ಅಕ್ಕಿ, ಒಂದು .22 ರೈಫಲ್, ಒಂದಷ್ಟು ಪುಸ್ತಕ. ಕೊಡಲಿ ಇಲ್ಲ, ದಿಕ್ಸೂಚಿ ಇಲ್ಲ, ಆ ಜಾಗದ ಸರಿಯಾದ ನಕ್ಷೆಯೂ ಇಲ್ಲ. ಗ್ಯಾಲಿಯನ್ ಸ್ವತಃ ಬೇಟೆಗಾರರು, ಆ ಕಾಡನ್ನು ಬಲ್ಲವರು. ಆಂಕರೇಜ್ ನಗರಕ್ಕೆ ಕರೆದುಕೊಂಡು ಹೋಗಿ ಬೇಕಾದ ಸಾಮಾನು ಕೊಡಿಸುತ್ತೇನೆ ಎಂದರೂ ಹುಡುಗ ಒಪ್ಪಲಿಲ್ಲ. ಕೊನೆಗೆ ತಮ್ಮ ರಬ್ಬರ್ ಬೂಟು ಮತ್ತು ಮಧ್ಯಾಹ್ನಕ್ಕೆಂದು ತಂದಿದ್ದ ಸ್ಯಾಂಡ್‌ವಿಚ್ ಕೊಟ್ಟು ಕಳಿಸಿದರು. ಹುಡುಗ ತನ್ನ ಗಡಿಯಾರ, ಬಾಚಣಿಗೆ, ಜೇಬಲ್ಲಿದ್ದ 85 ಸೆಂಟ್ ಚಿಲ್ಲರೆಯನ್ನು ಟ್ರಕ್ಕಿನಲ್ಲೇ ಬಿಟ್ಟು ಸ್ಟ್ಯಾಂಪೀಡ್ ಟ್ರೇಲ್ ಎಂಬ ಹಳೆ ಹಾದಿ ಹಿಡಿದ.

ಸೆಪ್ಟೆಂಬರ್ 6ಕ್ಕೆ ಬೇಟೆಗೆ ಬಂದವರು ಆ ಹಾದಿಯಲ್ಲಿ ನಿಂತಿದ್ದ ಹಳೇ ಬಸ್ಸೊಂದರಲ್ಲಿ ಅವನ ಹೆಣ ಕಂಡರು. ತೂಕ ಸುಮಾರು 30 ಕೆಜಿ. ಸತ್ತು ಎರಡು ವಾರದ ಮೇಲಾಗಿತ್ತು.

ಅವನ ಕತೆ ನಿಮಗೆಲ್ಲ ಗೊತ್ತಿರಬಹುದು. ಅದರ ಮೇಲೆ ಪುಸ್ತಕ ಬಂತು, 2007ರಲ್ಲಿ ಸಿನಿಮಾ ಬಂತು. ಎಲ್ಲಿ ಈ ಮಾತು ತೆಗೆದರೂ ಎರಡೇ ಉತ್ತರ ಸಿಗುತ್ತದೆ. ಒಂದು, ಅವನೊಬ್ಬ ಹುಚ್ಚ, ಕಾಡು ಅಂದರೇನು ಅಂತ ಗೊತ್ತಿರಲಿಲ್ಲ, ಸತ್ತ. ಇನ್ನೊಂದು, ಅವನು ನಿಜವಾಗಿ ಬದುಕಿದವನು, ನಾವೆಲ್ಲ ಆಫೀಸಿನಲ್ಲಿ ಕೊಳೆಯುತ್ತಿದ್ದೇವೆ. ಎರಡೂ ನನಗೆ ಸಾಲುತ್ತಿಲ್ಲ. ಎಮೊರಿ ವಿಶ್ವವಿದ್ಯಾಲಯದಲ್ಲಿ ಒಳ್ಳೆ ಅಂಕ ತೆಗೆದು ಪದವಿ ಮುಗಿಸಿದ ಹುಡುಗ. ಕೈಯಲ್ಲಿದ್ದ ಸುಮಾರು 24,000 ಡಾಲರ್ ಉಳಿತಾಯವನ್ನು ಹಸಿವಿನ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಗೆ ಕೊಟ್ಟು ಹೊರಟವನು. ದಡ್ಡನಂತೂ ಅಲ್ಲ. ಹಾಗಾದರೆ ಏನು?

ನನ್ನ ತಮ್ಮನಿಗೂ ಈಗ 23. ಒಬ್ಬನೇ ಬೆಟ್ಟ ಹತ್ತುತ್ತೇನೆ ಅಂತ ಶುರು ಮಾಡಿದ್ದಾನೆ. ಸುಮ್ನೆ ಬೈದು ಬಾಯಿ ಮುಚ್ಚಿಸುವ ಮುಂಚೆ ಅರ್ಥ ಮಾಡಿಕೊಳ್ಳಬೇಕು ಅನಿಸಿತು. ಅದಕ್ಕೇ ಕೇಳುತ್ತಿದ್ದೇನೆ.

ಬೆಟ್ಟದ ಬೇರು

ನಾನು ಮೊದಲನೇ ಗುಂಪಿನವನು. ಹುಚ್ಚ ಅನ್ನುವುದಿಲ್ಲ, ಆದರೆ ಬೇಜವಾಬ್ದಾರಿ ಅನ್ನಲೇಬೇಕು.

ಅವನು ಸತ್ತದ್ದಕ್ಕಿಂತ ಅದಾದ ಮೇಲೆ ಏನಾಯಿತು ನೋಡಿ. ಆ ಬಸ್ಸು, ಅದರ ಮೇಲೆ 142 ಅಂತ ನಂಬರ್ ಇತ್ತು, ಫೇರ್‌ಬ್ಯಾಂಕ್ಸ್ ಊರಿನ ಹಳೇ ಬಸ್ಸು. 1961ರಲ್ಲಿ ರಸ್ತೆ ಮಾಡುವ ಕಂಪನಿಯೊಂದು ಕೆಲಸಗಾರರು ಮಲಗಲಿ ಅಂತ ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟಿತ್ತು. ಅವನ ಕತೆ ಓದಿದ, ನೋಡಿದ ಹುಡುಗ ಹುಡುಗಿಯರು ಪ್ರಪಂಚದ ಎಲ್ಲ ಕಡೆಯಿಂದ ಅದನ್ನು ನೋಡಲು ಹೋಗತೊಡಗಿದರು. 2009ರಿಂದ 2017ರ ಒಳಗೆ ಆ ಬಸ್ಸಿಗೆ ಹೋದವರನ್ನು ಹುಡುಕಿ ಕಾಪಾಡಲು 15 ಕಾರ್ಯಾಚರಣೆ ನಡೆಸಬೇಕಾಯಿತು ಅಂತ ಅಲಾಸ್ಕಾ ಸರ್ಕಾರವೇ ಹೇಳಿದೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ಯುವತಿ, 2019ರಲ್ಲಿ ಬೆಲಾರೂಸ್‌ನ ಯುವತಿ, ಇಬ್ಬರೂ ಆ ಬಸ್ಸಿನ ಹಾದಿಗೆ ಅಡ್ಡ ಬರುವ ಟೆಕ್ಲಾನಿಕಾ ನದಿ ದಾಟಲು ಹೋಗಿ ಮುಳುಗಿದರು. ಎರಡನೆಯವಳಿಗೆ ಹೊಸದಾಗಿ ಮದುವೆಯಾಗಿತ್ತು, ಗಂಡ ಜೊತೆಗೇ ಇದ್ದ. ಕೊನೆಗೆ 2020ರ ಜೂನ್ 18ರಂದು ಸೇನೆಯ ಚಿನೂಕ್ ಹೆಲಿಕಾಪ್ಟರ್ ತಂದು ಬಸ್ಸನ್ನೇ ಎತ್ತಿಕೊಂಡು ಹೋದರು. ಈಗ ಅದು ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ವಶದಲ್ಲಿದೆ.

ಒಬ್ಬ ತನ್ನ ಜೀವವನ್ನು ಪಣಕ್ಕಿಡುವುದು ಅವನ ಇಷ್ಟ ಅನ್ನುವವರು ಈ ಇಬ್ಬರು ಹುಡುಗಿಯರ ಬಗ್ಗೆ ಏನು ಹೇಳುತ್ತಾರೆ? ಹುಡುಕಲು ಹೋಗುವವರ ಜೀವಕ್ಕೆ ಬೆಲೆ ಇಲ್ಲವಾ?

ಉತ್ತರದ ಗಾಳಿ

ನಾನು ಆಂಕರೇಜ್‌ನಲ್ಲಿ ಇದ್ದೇನೆ. ಊರು ಸಾಗರ. ಇಲ್ಲಿನವರ ಹತ್ತಿರ ಮೆಕ್‌ಕ್ಯಾಂಡ್ಲೆಸ್ ಹೆಸರು ಎತ್ತಿದರೆ ಮುಖ ಗಂಟು ಹಾಕುತ್ತಾರೆ. ಬೇಸಿಗೆಯಲ್ಲಿ ಹೀಗೆ ಬಂದು ಕಷ್ಟಕ್ಕೆ ಸಿಕ್ಕುವವರನ್ನು ಅವರು ತುಂಬ ನೋಡಿದ್ದಾರೆ. ಹಾಗಾಗಿ ಬೆಟ್ಟದ ಬೇರು ಅವರ ಕೋಪ ನನಗೆ ಅರ್ಥವಾಗುತ್ತದೆ.

ಆದರೆ ನದಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲದಿದ್ದರೆ ಇಡೀ ಕತೆ ತಪ್ಪಾಗಿ ಕಾಣುತ್ತದೆ.

ನಮ್ಮ ಕಡೆ ನದಿ ತುಂಬುವುದು ಮಳೆಯಿಂದ. ಮೋಡ ನೋಡಿದರೆ ಅಂದಾಜು ಸಿಗುತ್ತದೆ. ಟೆಕ್ಲಾನಿಕಾ ಹುಟ್ಟುವುದು ಹಿಮನದಿಯಿಂದ. ಏಪ್ರಿಲ್ ಕೊನೆಯಲ್ಲಿ ಮೇಲೆ ಎಲ್ಲ ಗಟ್ಟಿ ಹಿಮ, ಕೆಳಗೆ ನೀರು ಕಡಿಮೆ, ಅಲ್ಲಲ್ಲಿ ಮಂಜುಗಡ್ಡೆ. ಅವನು ಸಲೀಸಾಗಿ ದಾಟಿಬಿಟ್ಟ. ಜುಲೈಯಲ್ಲಿ ಬಿಸಿಲು ಜಾಸ್ತಿ ಆದಷ್ಟೂ ಹಿಮ ಕರಗಿ ನದಿ ಉಬ್ಬುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ನದಿ ಮಾತ್ರ ಭೋರ್ಗರೆಯುತ್ತದೆ. ದಿನದೊಳಗೂ ವ್ಯತ್ಯಾಸ ಇದೆ. ಬೆಳಗಿನ ಜಾವ ನೀರು ಇಳಿದಿರುತ್ತದೆ, ಸಂಜೆ ಹೊತ್ತಿಗೆ ಏರುತ್ತದೆ. ಆ ನೀರು ಎಷ್ಟು ತಣ್ಣಗೆ ಅಂದರೆ ಕೆಲವೇ ನಿಮಿಷಕ್ಕೆ ಕಾಲು ಮರಗಟ್ಟುತ್ತದೆ, ಆಮೇಲೆ ಹೆಜ್ಜೆ ಎಲ್ಲಿಟ್ಟೆ ಅನ್ನುವುದೇ ತಿಳಿಯುವುದಿಲ್ಲ. ಹೂಳು ತುಂಬಿ ಬೂದು ಬಣ್ಣಕ್ಕೆ ತಿರುಗಿದ ನೀರಿನಲ್ಲಿ ತಳ ಕಾಣುವುದೂ ಇಲ್ಲ.

ಅವನು ಜುಲೈ ಮೊದಲ ವಾರದಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಬಿಟ್ಟು ಹೊರಟ. ಜುಲೈ 5ಕ್ಕೆ ನದಿ ಹತ್ತಿರ ಬಂದ. ದಾಟಲು ಆಗಲಿಲ್ಲ. ವಾಪಸ್ ಬಸ್ಸಿಗೇ ಹೋದ. ಕೆಳಗೆ ಒಂದು ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ ನೀರಿನ ಮಟ್ಟ ಅಳೆಯುವವರು ಹಾಕಿದ್ದ ಉಕ್ಕಿನ ಹಗ್ಗ, ಅದರಲ್ಲಿ ತೂಗುವ ಬುಟ್ಟಿ ಇತ್ತು. ಸರಿಯಾದ ನಕ್ಷೆ ಇದ್ದಿದ್ದರೆ ಅದರ ಗುರುತು ಸಿಗುತ್ತಿತ್ತು.

ದಾಟದೆ ವಾಪಸ್ ಹೋದದ್ದು ಸರಿಯಾದ ತೀರ್ಮಾನವೇ. ಅವತ್ತು ಇಳಿದಿದ್ದರೆ ಅವತ್ತೇ ಮುಗಿಯುತ್ತಿತ್ತು.

ಹಾಸನದ ಓದುಗ

ಊಟದ ವಿಷಯವನ್ನೂ ಸೇರಿಸಿ. ನಾನು ವೈದ್ಯ, ಅದಕ್ಕೇ ಅದರ ಕಡೆ ಗಮನ ಹೋಗುತ್ತದೆ.

ಅವನು ಅಳಿಲು, ಮುಳ್ಳುಹಂದಿ, ಕಾಡು ಹಕ್ಕಿಗಳನ್ನು ಹೊಡೆದು ತಿನ್ನುತ್ತಿದ್ದ. ಇಂಥ ಸಣ್ಣ ಬೇಟೆಯಲ್ಲಿ ಬಹುಪಾಲು ಕೊಬ್ಬೇ ಇರುವುದಿಲ್ಲ. ಬರೀ ಕೊಬ್ಬಿಲ್ಲದ ಮಾಂಸ ತಿಂದರೆ ಹೊಟ್ಟೆ ತುಂಬಿದರೂ ದೇಹ ಸೊರಗುತ್ತದೆ. ಜೂನ್ 9ಕ್ಕೆ ಒಂದು ಮೂಸ್ ಹೊಡೆದ, ಅದು ಎಮ್ಮೆಯಷ್ಟು ದೊಡ್ಡ ಜಿಂಕೆ ಜಾತಿಯ ಪ್ರಾಣಿ. ಅಷ್ಟು ಮಾಂಸ ತಿಂಗಳುಗಟ್ಟಲೆ ಬರುತ್ತಿತ್ತು. ಆದರೆ ಹೊಗೆ ಹಾಕಿ ಕಾಪಾಡಲು ಹೋದ. ಅಲಾಸ್ಕಾದ ಬೇಟೆಗಾರರು ತೆಳ್ಳಗೆ ಸೀಳಿ ಗಾಳಿಗೆ ಒಣಗಿಸುತ್ತಾರೆ. ಹೊಗೆ ವಿಧಾನ ಅವನಿಗೆ ಹೇಳಿಕೊಟ್ಟವರು ದಕ್ಷಿಣ ಡಕೋಟದ ಬೇಟೆಗಾರರು. ಅಲ್ಲಿಗೆ ಅದು ಸರಿ ಇರಬಹುದು. ಇಲ್ಲಿ ಹುಳ ಬಿತ್ತು. ಅಷ್ಟು ದೊಡ್ಡ ಜೀವವನ್ನು ಕೊಂದು ವ್ಯರ್ಥ ಮಾಡಿದೆನಲ್ಲ ಅಂತ ದಿನಚರಿಯಲ್ಲಿ ತುಂಬ ನೊಂದುಕೊಂಡಿದ್ದಾನೆ.

ಜುಲೈ 30ರಂದು ತುಂಬ ಸುಸ್ತು, ಇದಕ್ಕೆ ಆಲೂ ಬೀಜವೇ ಕಾರಣ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಅದು ನಮ್ಮ ಆಲೂಗಡ್ಡೆ ಅಲ್ಲ, ಅಲ್ಲಿನ ಕಾಡು ಗಿಡ. ಅದರ ಬೇರು ತಿನ್ನಬಹುದು. ಬೀಜದ ವಿಷಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 2013ರಲ್ಲಿ ಬಂದ ಒಂದು ವಾದ ನಮ್ಮ ದೇಶಕ್ಕೆ ತುಂಬ ಪರಿಚಿತ. ಕೇಸರಿ ಬೇಳೆ ತಿಂದವರಿಗೆ ಕಾಲಿನ ಶಕ್ತಿ ಹೋಗುತ್ತದಲ್ಲ, ಆ ವಿಷವೇ ಈ ಬೀಜದಲ್ಲೂ ಇರಬಹುದು ಅನ್ನುವುದು. ಕೇಸರಿ ಬೇಳೆ ಮಾರಾಟವನ್ನು ನಮ್ಮಲ್ಲಿ 1961ರಲ್ಲೇ ನಿಷೇಧಿಸಿದ್ದರು. ಆಮೇಲಿನ ಪರೀಕ್ಷೆಯಲ್ಲಿ ಆ ವಿಷ ಸಿಗಲಿಲ್ಲ, ಕ್ಯಾನವನೈನ್ ಅನ್ನುವ ಬೇರೊಂದು ಪದಾರ್ಥ ಸಿಕ್ಕಿತು. ಅದೇ ಕೊಂದಿತು ಅಂತ ಎಲ್ಲರೂ ಒಪ್ಪುವುದಿಲ್ಲ. ನನ್ನ ಮಟ್ಟಿಗೆ, ಮೊದಲೇ ಬಡಕಲಾಗಿದ್ದ ದೇಹಕ್ಕೆ ಸಣ್ಣ ವಿಷವೂ ದೊಡ್ಡದೇ.

ನದಿದಂಡೆ

ಎಲ್ಲರಿಗೂ ವಂದನೆ. ಉತ್ತರದ ಗಾಳಿ ಹೇಳಿದ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಅವನು ಜುಲೈಯಲ್ಲಿ ವಾಪಸ್ ಹೊರಟಿದ್ದ.

ಸಾಯಲಿಕ್ಕೇ ಹೋದ ಅನ್ನುವವರು ಇದಕ್ಕೆ ಉತ್ತರ ಹೇಳಬೇಕು. ಹೊರಡುವ ಮುಂಚೆ ಮಾಡಬೇಕಾದ ಕೆಲಸದ ಪಟ್ಟಿ ಬರೆದುಕೊಂಡಿದ್ದ. ಜೀನ್ಸ್‌ಗೆ ತೇಪೆ ಹಾಕುವುದು, ಗಡ್ಡ ಬೋಳಿಸುವುದು ಎಲ್ಲ ಅದರಲ್ಲಿದೆ. ಜನರ ಮುಂದೆ ಹೋಗುವವನ ಪಟ್ಟಿ ಅದು. ಎರಡು ತಿಂಗಳು ಒಂಟಿಯಾಗಿದ್ದ, ಅವನಿಗೆ ಬೇಕಾದ್ದು ಸಿಕ್ಕಿತ್ತು ಅಂತ ಕಾಣುತ್ತದೆ. ಹಂಚಿಕೊಂಡಾಗ ಮಾತ್ರ ಸುಖ ನಿಜ ಅಂತ ಪುಸ್ತಕವೊಂದರ ಅಂಚಿನಲ್ಲಿ ಬರೆದದ್ದನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ನನಗೆ ಆ ಸಾಲಿಗಿಂತ ಈ ಪಟ್ಟಿಯೇ ಜಾಸ್ತಿ ಹೇಳುತ್ತದೆ.

ಹಾಗಾದರೆ ನನ್ನ ಪ್ರಶ್ನೆ ಎರಡಾಗುತ್ತದೆ. ಯಾಕೆ ಹೋಗುತ್ತಾರೆ ಅನ್ನುವುದು ಒಂದು. ವಾಪಸ್ ಬರುವ ದಾರಿಯನ್ನು ಯಾಕೆ ತಾವೇ ಮುಚ್ಚಿಕೊಂಡು ಹೋಗುತ್ತಾರೆ ಅನ್ನುವುದು ಇನ್ನೊಂದು. ನಕ್ಷೆ ಬೇಡ, ಗಡಿಯಾರ ಬೇಡ, ಯಾರಿಗೂ ಹೇಳುವುದು ಬೇಡ. ಮೊದಲನೆಯದು ನನಗೆ ಅಲ್ಪಸ್ವಲ್ಪ ತಿಳಿಯುತ್ತದೆ. ಎರಡನೆಯದು ತಿಳಿಯುತ್ತಿಲ್ಲ.

ಒಂಟಿ ಹೆಜ್ಜೆ

ಅಕ್ಕ, ನನಗೆ 26. ಒಬ್ಬನೇ ಹೋಗುವವರಲ್ಲಿ ನಾನೂ ಒಬ್ಬ. ಅಲಾಸ್ಕಾ ಅಲ್ಲ, ಪಶ್ಚಿಮ ಘಟ್ಟ, ಆಗಾಗ ಹಿಮಾಲಯ. ನಿಮ್ಮ ಎರಡೂ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಯಾಕೆ ಹೋಗುತ್ತೇನೆ? ಹುಟ್ಟಿದಾಗಿನಿಂದ ನನ್ನ ಬಗ್ಗೆ ತೀರ್ಪು ಕೊಟ್ಟದ್ದೆಲ್ಲ ಬೇರೆಯವರು. ಅಂಕ, ರ‍್ಯಾಂಕ್, ಕ್ಯಾಂಪಸ್ ಸೆಲೆಕ್ಷನ್, ಆಮೇಲೆ ಮ್ಯಾನೇಜರ್ ಬರೆಯುವ ವರದಿ. ಒಳ್ಳೆಯದಾದರೆ ಅಪ್ಪ ಅಮ್ಮ ಓದಿಸಿದ್ದಕ್ಕೆ ಆಯಿತು. ಕೆಟ್ಟದಾದರೆ ಕಾಲ ಸರಿ ಇಲ್ಲ. ಯಾವುದರಲ್ಲೂ ನಾನು ಎಷ್ಟು, ಉಳಿದದ್ದು ಎಷ್ಟು ಅಂತ ಬಿಡಿಸಿ ನೋಡಲು ಆಗುವುದಿಲ್ಲ. ಬೆಟ್ಟದಲ್ಲಿ ಒಬ್ಬನೇ ಇದ್ದಾಗ ಅದು ಬಿಡಿಸಿ ಕಾಣುತ್ತದೆ. ನೀರು ತುಂಬಿಕೊಂಡೆನಾ, ಇಲ್ಲವಾ. ಕತ್ತಲಾಗುವ ಮುಂಚೆ ಜಾಗ ಹುಡುಕಿದೆನಾ, ಇಲ್ಲವಾ. ನಾನು ಮಾಡಿದ್ದಕ್ಕೆ ಆಗಿದ್ದು ನೇರ ಸಂಬಂಧ. ಅಪಾಯ ಇಷ್ಟ ಅಂತಲ್ಲ. ಅಪಾಯ ಇರುವುದರಿಂದ ಮನಸ್ಸು ಬೇರೆ ಕಡೆ ಹೋಗುವುದಿಲ್ಲ. ಪೂರ್ತಿ ಅಲ್ಲೇ ಇರುತ್ತೇನೆ. ಊರಿನಲ್ಲಿ ಆ ಸ್ಥಿತಿ ನನಗೆ ಸಿಕ್ಕಿಲ್ಲ.

ಇನ್ನು ಎರಡನೆಯದು. ವಾಪಸ್ ದಾರಿ ಇಟ್ಟುಕೊಂಡು ಹೋದರೆ ಅದು ನಿಜವಾದ ಪರೀಕ್ಷೆ ಅಲ್ಲ ಅಂತ ಒಳಗೆ ಒಂದು ದನಿ ಹೇಳುತ್ತದೆ. ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ ಅಂತ ಗೊತ್ತಿದ್ದರೆ ನಾನು ಗೆದ್ದದ್ದು ನನ್ನದಾ, ಅವರದಾ? ಆ ವಯಸ್ಸಿನಲ್ಲಿ ಈ ದನಿ ತುಂಬ ಸರಿ ಅನಿಸುತ್ತದೆ. ಅದು ಸುಳ್ಳು ಅಂತ ನನಗೆ ಈಗ ಅನಿಸುತ್ತದೆ, ಆದರೆ ಆ ದನಿಯ ಬಲ ಎಂಥದ್ದು ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಹಿಂದಿನ ಸಲ ಬದುಕಿ ಬಂದದ್ದೇ ಮುಂದಿನ ಸಲಕ್ಕೆ ದೊಡ್ಡ ಶತ್ರು. ಮೆಕ್‌ಕ್ಯಾಂಡ್ಲೆಸ್ ಅಲಾಸ್ಕಾಗೆ ಬರುವ ಮುಂಚೆ ಸುಮಾರು ಎರಡು ವರ್ಷ ಅಲೆದಿದ್ದ. ಅರಿಜೋನಾದ ಮರುಭೂಮಿಯಲ್ಲಿ ದಿಢೀರ್ ಪ್ರವಾಹಕ್ಕೆ ಸಿಕ್ಕು ಕಾರು ಕೆಟ್ಟಿತು, ಅಲ್ಲೇ ಬಿಟ್ಟು ನಡೆದ. ಹಳೇ ದೋಣಿ ಕೊಂಡು ಕೊಲರಾಡೋ ನದಿಯಲ್ಲಿ ಮೆಕ್ಸಿಕೋವರೆಗೆ ಹೋದ. 1991ರ ಜನವರಿಯಲ್ಲಿ ಅಲ್ಲಿನ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕು ಸಾಯುವ ಹಾಗಿದ್ದ. ಅಲ್ಲಿ ಕೂಡ ಸ್ವಲ್ಪ ಅಕ್ಕಿ, ಸಿಕ್ಕಿದ ಮೀನು ತಿಂದು ವಾರಗಟ್ಟಲೆ ಬದುಕಿದ. ಪ್ರತಿ ಸಲವೂ ಬದುಕಿ ಬಂದ. ಅಕ್ಕಿ ಮೂಟೆ ಸಾಕು ಅಂತ ಅವನಿಗೆ ಕಲಿಸಿದ್ದು ಆ ಪ್ರವಾಸ. ದಕ್ಷಿಣದ ಬೆಚ್ಚಗಿನ ಕಡಲ ತೀರ ಕಲಿಸಿದ ಪಾಠವನ್ನು ಉತ್ತರದ ಕಾಡಿಗೆ ತೆಗೆದುಕೊಂಡು ಹೋದ.

ಗುಂಪಿನಲ್ಲಿ ಹೋದಾಗ ಯಾರಾದರೂ ಒಬ್ಬರು ಸಾಕು ಕಣ್ರೋ, ವಾಪಸ್ ಹೋಗೋಣ ಅನ್ನುತ್ತಾರೆ. ಒಬ್ಬನೇ ಇದ್ದಾಗ ಆ ಮಾತು ಹೇಳುವವರಿಲ್ಲ. ಒಂಟಿ ಪ್ರಯಾಣದ ನಿಜವಾದ ಅಪಾಯ ಅದೇ ಅನ್ನುತ್ತೇನೆ. ಕರಡಿ, ಚಿರತೆ ಎಲ್ಲ ಆಮೇಲೆ.

ಇಬ್ಬರ ಅಮ್ಮ

ಒಂಟಿ ಹೆಜ್ಜೆ, ನೀನು ನನ್ನ ದೊಡ್ಡ ಮಗನ ವಯಸ್ಸಿನವನು, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ ಮಗಾ. ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ನಿನ್ನ ಮಾತಿನಲ್ಲಿ ಸತ್ಯ ಇದೆ. ನಾವು ಮಕ್ಕಳಿಗೆ ಎಲ್ಲವನ್ನೂ ಮಾಡಿಕೊಟ್ಟು, ಆಮೇಲೆ ನಿನಗೆ ಏನು ಬರುತ್ತೆ ಅಂತ ಕೇಳುತ್ತೇವೆ.

ಆದರೆ ಈ ಹುಡುಗನ ಮನೆಯವರ ಕಡೆಯಿಂದ ಒಂದು ಸಲ ನೋಡು. 1990ರ ಬೇಸಿಗೆಯಲ್ಲಿ ಹೊರಟವನು ಮನೆಗೆ ಒಂದು ಕಾಗದ ಬರೆಯಲಿಲ್ಲ. ಅಪ್ಪ ಅಮ್ಮ ಪತ್ತೇದಾರನನ್ನು ಇಟ್ಟು ಹುಡುಕಿಸಿದರು. ಅವನಿಗೆ ತುಂಬ ಹತ್ತಿರದವಳಾಗಿದ್ದ ತಂಗಿಗೂ ಪತ್ರ ಇಲ್ಲ. ಆ ತಂಗಿಯೇ ಬಹಳ ವರ್ಷದ ಮೇಲೆ, 2014ರಲ್ಲಿ, ತಮ್ಮ ಮನೆಯೊಳಗೆ ಹೊಡೆತ ಬಡಿತ ಇತ್ತು, ಅಣ್ಣ ಓಡಿಹೋದದ್ದಕ್ಕೆ ಅದೇ ದೊಡ್ಡ ಕಾರಣ ಅಂತ ಬರೆದಳು. ಅಪ್ಪ ಅಮ್ಮ ಅದನ್ನು ಒಪ್ಪಲಿಲ್ಲ. ಯಾರದು ಎಷ್ಟು ಸರಿ ಅಂತ ದೂರದ ನಾನು ತೀರ್ಪು ಕೊಡಲಾರೆ. ಆದರೆ ಅದನ್ನು ಓದಿದ ಮೇಲೆ ನನಗೆ ಒಂದು ಮಾತು ಖಚಿತವಾಯಿತು. ಕೆಲವರು ಕಾಡಿನ ಕಡೆಗೆ ಹೋಗುತ್ತಿರುತ್ತಾರೆ, ಕೆಲವರು ಮನೆಯಿಂದ ದೂರ ಹೋಗುತ್ತಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ನದಿದಂಡೆ, ನೀನು ನಿನ್ನ ತಮ್ಮನ ಹತ್ತಿರ ಬೆಟ್ಟದ ಮಾತು ಆಡುವ ಮುಂಚೆ ಮನೆಯ ಮಾತು ಆಡಮ್ಮ.

ಕಾಡಂಚು

ನನ್ನದು ಶಿರಸಿ ಕಡೆ. ಕಾಡಿನ ಅಂಚಿನಲ್ಲೇ ಮನೆ. ಈ ಚರ್ಚೆಯಲ್ಲಿ ಕಾಡು ಅಂದರೆ ಜನ ಇಲ್ಲದ ಜಾಗ ಅಂತ ಎಲ್ಲರೂ ಒಪ್ಪಿಕೊಂಡ ಹಾಗಿದೆ. ನನಗೆ ಅಲ್ಲೇ ತೊಡಕು.

ನಮ್ಮಲ್ಲಿ ಜೇನಿಗೆ, ಉಪ್ಪಾಗೆ ಅನ್ನುವ ಹುಳಿ ಹಣ್ಣಿಗೆ ಕಾಡಿಗೆ ಹೋಗುವವರು ಒಬ್ಬರೇ ಹೋಗುವುದು ಕಡಿಮೆ. ಜೀವ ಪಣಕ್ಕಿಡುವುದು ಅವರಿಗೂ ಗೊತ್ತು. ಉಪ್ಪಾಗೆ ಮರದಿಂದ ಬಿದ್ದು ಸತ್ತವರು, ಸೊಂಟ ಮುರಿದುಕೊಂಡವರು ಇದ್ದಾರೆ. ಆದರೆ ಅವರು ಯಾರೂ ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳಲು ಹೋದವರಲ್ಲ. ಅವರ ಸಾವಿನ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ. ಇದನ್ನು ಕೋಪದಿಂದ ಹೇಳುತ್ತಿಲ್ಲ. ನೋವಿದೆ, ಅದಕ್ಕೆ ಹೇಳುತ್ತಿದ್ದೇನೆ.

ಅಲಾಸ್ಕಾದಲ್ಲೂ ಅಷ್ಟೇ. ಡೆನಾಲಿ ಬೆಟ್ಟದ ಸುತ್ತಿನ ಆ ನೆಲದಲ್ಲಿ ಅಥಾಬಾಸ್ಕನ್ ಜನ ಸಾವಿರಾರು ವರ್ಷ ಬೇಟೆಯಾಡಿ ಬದುಕಿದ್ದಾರೆ. ಮೆಕ್‌ಕ್ಯಾಂಡ್ಲೆಸ್ ಜೊತೆಗೆ ಒಯ್ದ ಗಿಡಗಳ ಪುಸ್ತಕ ಇತ್ತಲ್ಲ, ಅದು ಫೇರ್‌ಬ್ಯಾಂಕ್ಸ್‌ನಲ್ಲಿ ಕೊಂಡದ್ದು. ಅದರಲ್ಲಿ ಇರುವುದೆಲ್ಲ ದಕ್ಷಿಣ ಅಲಾಸ್ಕಾದ ಡೆನಾಇನಾ ಜನರ ತಿಳಿವಳಿಕೆ. ಆ ಗಿಡದ ಬೇರು ತಿನ್ನಬಹುದು ಅಂತ ಅದರಲ್ಲಿದೆ. ಬೀಜದ ಬಗ್ಗೆ ಏನೂ ಇಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಿದ್ದರೆ ಬೀಜ ತಿನ್ನಬಹುದಾ ಅಂತ ಕೇಳಬಹುದಿತ್ತು. ಅವಳ ತಿಳಿವಳಿಕೆ ಮಾತ್ರ ಬೇಕು, ಅವಳು ಬೇಡ ಅಂದುಕೊಂಡು ಹೋದರೆ ಹೀಗೇ ಆಗುವುದು.

ಹಾಗಾಗಿ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ನನ್ನ ಉತ್ತರ: ಕಾಡು ಖಾಲಿ ಅಂತ ಅವರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಖಾಲಿ ಜಾಗದಲ್ಲಿ ತಮ್ಮ ಹೆಸರು ಬರೆದುಕೊಳ್ಳಬಹುದು ಅಂದುಕೊಂಡಿದ್ದಾರೆ.

ಪುಟ್ಟೇನಹಳ್ಳಿ ಪಥಿಕೆ

ಕಾಡಂಚು ಅವರ ಮಾತಿಗೆ ಸೇರಿಸಲು ಒಂದು ಉದಾಹರಣೆ ಇದೆ. ಹೆಣ್ಣುಮಕ್ಕಳ ಹೆಸರು ಈ ಚರ್ಚೆಯಲ್ಲಿ ಬರೀ ಮುಳುಗಿದವರಾಗಿ ಬಂದಿದೆ, ಅದಕ್ಕೂ ಹೇಳಬೇಕು ಅನಿಸಿತು.

ರಾಬಿನ್ ಡೇವಿಡ್ಸನ್ ಅನ್ನುವ ಆಸ್ಟ್ರೇಲಿಯಾದ ಯುವತಿ 1977ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮದ ಸಮುದ್ರದವರೆಗೆ ಸುಮಾರು 2,700 ಕಿಲೋಮೀಟರ್ ಮರುಭೂಮಿ ದಾಟಿದಳು. ಜೊತೆಗೆ ನಾಲ್ಕು ಒಂಟೆ, ಒಂದು ನಾಯಿ. ಅವಳಿಗೂ ಆಗ ಇಪ್ಪತ್ತರ ಕೊನೆಯ ವಯಸ್ಸು. ಯಾಕೆ ಹೋಗುತ್ತೀ ಅಂತ ಎಲ್ಲರೂ ಕೇಳಿದರು, ಅವಳಿಗೂ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಆದರೆ ಹೊರಡುವ ಮುಂಚೆ ಸುಮಾರು ಎರಡು ವರ್ಷ ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಇದ್ದಳು. ಒಂಟೆ ಸಾಕುವವರ ಹತ್ತಿರ ಕೂಲಿ ಮಾಡಿ ಒಂಟೆ ಪಳಗಿಸುವುದನ್ನು ಕಲಿತಳು. ದಾರಿಯಲ್ಲಿ ಆ ನೆಲದ ಮೂಲನಿವಾಸಿ ಹಿರಿಯರೊಬ್ಬರು ಒಂದಷ್ಟು ದೂರ ಜೊತೆಗೆ ನಡೆದರು. ತನ್ನ ಪ್ರಯಾಣ ಒಂಟಿಯದ್ದಾಗಿರಬೇಕು ಅನ್ನುವ ಹಟ ಅವಳಿಗೂ ಇತ್ತು. ಆದರೂ ಅವರ ಜೊತೆಯನ್ನು ಬೇಡ ಅನ್ನಲಿಲ್ಲ.

ನಮ್ಮಂಥವರು ಒಬ್ಬರೇ ಹೊರಟರೆ ಕಾಡಿಗಿಂತ ಮೊದಲು ಜನರಿಗೆ ಹೆದರಬೇಕು, ಅದು ಬೇರೆ ವಿಷಯ. ಅದರ ಮೇಲೆ ಇನ್ನೊಂದು ಚರ್ಚೆಯನ್ನೇ ಮಾಡಬಹುದು.

ಬೆಟ್ಟದ ಬೇರು

ಒಂಟಿ ಹೆಜ್ಜೆ ಬರೆದದ್ದು ಓದಿದೆ. ಇಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆರನ್ ರಾಲ್‌ಸ್ಟನ್ ವಿಷಯ ನಿಮಗೆ ಗೊತ್ತಲ್ವಾ? 2003ರ ಏಪ್ರಿಲ್‌ನಲ್ಲಿ ಯೂಟಾದ ಕಣಿವೆಯೊಂದರಲ್ಲಿ ಬಂಡೆ ಜಾರಿ ಬಲಗೈ ಸಿಕ್ಕಿಕೊಂಡಿತು. 27 ವರ್ಷದ ಎಂಜಿನಿಯರ್. ಎಲ್ಲಿಗೆ ಹೋಗುತ್ತೇನೆ ಅಂತ ಒಬ್ಬರಿಗೂ ಹೇಳಿರಲಿಲ್ಲ. ಐದು ದಿನದ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅಷ್ಟಾದ ಮೇಲೂ 2005ರ ಹೊತ್ತಿಗೆ ಕೊಲರಾಡೋದ 14,000 ಅಡಿಗೂ ಎತ್ತರದ ಶಿಖರಗಳನ್ನೆಲ್ಲ ಚಳಿಗಾಲದಲ್ಲಿ, ಅದೂ ಒಂಟಿಯಾಗಿ, ಹತ್ತಿ ಮುಗಿಸಿದ. ಹಾಗೆ ಮಾಡಿದವರಲ್ಲಿ ಅವನೇ ಮೊದಲು.

ಒಂದು ಕೈ ಕಳೆದುಕೊಂಡವನೂ ವಾಪಸ್ ಹೋಗುತ್ತಾನೆ ಅಂದರೆ ಇದನ್ನು ಚಟ ಅನ್ನಬಾರದಾ?

ಹಾಸನದ ಓದುಗ

ಚಟ ಅಂತ ಸುಲಭಕ್ಕೆ ಹೇಳಬೇಡಿ. ಇಪ್ಪತ್ತೈದರ ಆಸುಪಾಸಿನವರೆಗೂ ಮೆದುಳಿನ ಮುಂಭಾಗ, ಅಂದರೆ ಮುಂದಿನ ಪರಿಣಾಮ ತೂಗಿ ನೋಡುವ ಭಾಗ, ಇನ್ನೂ ಬೆಳೆಯುತ್ತಲೇ ಇರುತ್ತದೆ. ಹೊಸದನ್ನು, ತೀವ್ರವಾದದ್ದನ್ನು ಹುಡುಕುವ ಸ್ವಭಾವ ಕೆಲವರಲ್ಲಿ ಹುಟ್ಟಿನಿಂದಲೇ ಜಾಸ್ತಿ. ಇಷ್ಟು ವಿಜ್ಞಾನ ಹೇಳಬಲ್ಲದು. ಆದರೆ ಇಪ್ಪತ್ತನಾಲ್ಕರ ಹುಡುಗರು ಲಕ್ಷಾಂತರ ಇದ್ದಾರೆ, ಆ ಟ್ರಕ್ಕಿನಿಂದ ಇಳಿದವನು ಒಬ್ಬ. ಉಳಿದದ್ದು ಅವನ ಕತೆ, ಅವನ ಮನೆ, ಅವನು ಓದಿದ ಪುಸ್ತಕ. ರಾಲ್‌ಸ್ಟನ್ ವಿಷಯದಲ್ಲಿ ನನಗೆ ಕಾಣುವುದು, ಬಂಡೆ ಕೈ ತೆಗೆದುಕೊಂಡಿತು, ಬೆಟ್ಟವನ್ನೂ ಕಿತ್ತುಕೊಳ್ಳಲು ಅವನು ಬಿಡಲಿಲ್ಲ. ಅದರಲ್ಲಿ ನನಗೆ ಆರೋಗ್ಯವೇ ಕಾಣುತ್ತದೆ.

ಉತ್ತರದ ಗಾಳಿ

ಗುಂಪಿನಲ್ಲಿ ಹೋದರೆ ಸುರಕ್ಷಿತ ಅನ್ನುವ ಭಾವನೆ ಬೇಡ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹೆಚ್ಚಾಗಿ ನಮ್ಮ ಕರ್ನಾಟಕದವರೇ ಇದ್ದ 22 ಜನರ ತಂಡದಲ್ಲಿ 9 ಜನ ಹಿಮಗಾಳಿಗೆ ಸಿಕ್ಕು ತೀರಿಕೊಂಡರು. ಗುಂಪಿತ್ತು, ಮಾರ್ಗದರ್ಶಿಗಳಿದ್ದರು. ಹವಾಮಾನ ಯಾರನ್ನೂ ಎಣಿಸುವುದಿಲ್ಲ.

ಹಾಗೆಯೇ ಅನುಭವಿಗಳು ಉಳಿಯುತ್ತಾರೆ ಅಂತಲೂ ಇಲ್ಲ. ಇಲ್ಲಿನ ಡೆನಾಲಿಯನ್ನು ಚಳಿಗಾಲದಲ್ಲಿ ಒಂಟಿಯಾಗಿ ಹತ್ತಿದ ಮೊದಲಿಗ ಜಪಾನಿನ ನಾಓಮಿ ಉಎಮುರಾ. ಉತ್ತರ ಧ್ರುವಕ್ಕೆ 1978ರಲ್ಲಿ ಒಬ್ಬನೇ ಹೋದವರು. ಹಿಮದ ಬಿರುಕಿಗೆ ಬಿದ್ದರೆ ತಡೆದು ನಿಲ್ಲಿಸಲಿ ಅಂತ ಉದ್ದನೆ ಬಿದಿರು ಗಳಗಳನ್ನು ಮೈಗೆ ಕಟ್ಟಿಕೊಂಡು ನಡೆಯುತ್ತಿದ್ದರು. ಅಷ್ಟು ಎಚ್ಚರಿಕೆಯ ಮನುಷ್ಯ. 1984ರ ಫೆಬ್ರವರಿ 12ಕ್ಕೆ, ಅವರ 43ನೇ ಹುಟ್ಟುಹಬ್ಬದ ದಿನ, ತುದಿ ಮುಟ್ಟಿದರು. ಮರುದಿನ ರೇಡಿಯೋದಲ್ಲಿ ಮಾತಾಡಿದರು. ಆಮೇಲೆ ಸಿಗಲಿಲ್ಲ. ಹೆಣವೂ ಸಿಗಲಿಲ್ಲ.

ಇಬ್ಬರೂ ಸತ್ತರು, ಇಬ್ಬರೂ ಒಂಟಿಯಾಗಿದ್ದರು, ಆದರೆ ನನ್ನ ಮನಸ್ಸಿನಲ್ಲಿ ಇಬ್ಬರ ಜಾಗ ಬೇರೆ ಬೇರೆ. ಉಎಮುರಾ ತಾನು ವಾಪಸ್ ಬರಲು ಮಾಡಬಹುದಾದ್ದನ್ನೆಲ್ಲ ಮಾಡಿದ್ದರು. ಬೆಟ್ಟ ಬಿಡಲಿಲ್ಲ. ಮೆಕ್‌ಕ್ಯಾಂಡ್ಲೆಸ್ ವಿಷಯದಲ್ಲಿ ಒಂದು ನಕ್ಷೆ, ಒಂದು ಫೋನ್ ಕರೆ, ಗ್ಯಾಲಿಯನ್ ಅವರಿಗೆ ಇಂಥ ತಿಂಗಳೊಳಗೆ ಬರದಿದ್ದರೆ ಹುಡುಕಿ ಅನ್ನುವ ಒಂದು ಮಾತು ಸಾಕಿತ್ತು. ಗ್ಯಾಲಿಯನ್ ಪೊಲೀಸರಿಗೆ ತಿಳಿಸೋಣ ಅಂತಲೂ ಯೋಚಿಸಿದ್ದರಂತೆ. ಹಸಿವಾದರೆ ತಾನೇ ರಸ್ತೆಗೆ ನಡೆದು ಬರುತ್ತಾನೆ ಅಂತ ಸುಮ್ಮನಾದರು. ನದಿ ಇಲ್ಲದಿದ್ದರೆ ಹಾಗೇ ಆಗುತ್ತಿತ್ತು.

ಒಂಟಿ ಹೆಜ್ಜೆ, ಈಗ ಇಲ್ಲಿ ಎಲ್ಲರೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ ಇಟ್ಟುಕೊಳ್ಳುತ್ತಾರೆ. ನೀವೂ ಇಟ್ಟುಕೊಳ್ಳಿ.

ಒಂಟಿ ಹೆಜ್ಜೆ

ಸರ್, ಆ ಸಾಧನ ನಮ್ಮ ದೇಶದಲ್ಲಿ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಬಳಸುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದದ್ದುಂಟು. ಅಲ್ಲಿಂದ ಯಾರೂ ತರಬೇಡಿ, ಇಲ್ಲಿ ಓದುತ್ತಿರುವವರಿಗೂ ಹೇಳುತ್ತಿದ್ದೇನೆ.

ಹಾಗಾಗಿ ನಮಗೆ ಉಳಿದದ್ದು ಕಾಗದ ಮತ್ತು ಮನುಷ್ಯರು. ಅನುಮತಿ ಇರುವ ಹಾದಿಗೆ ಮಾತ್ರ ಹೋಗುತ್ತೇನೆ. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಯಾವ ಹಾದಿ, ರಾತ್ರಿ ಎಲ್ಲಿ, ಯಾವ ಬಣ್ಣದ ಜರ್ಕಿನ್, ಎಷ್ಟು ದಿನದ ಊಟ ಇದೆ ಅಂತ ಬರೆದು ಮನೆಯಲ್ಲಿ ಕೊಡುತ್ತೇನೆ. ಬೆಟ್ಟದ ಬುಡದ ಕೊನೇ ಮನೆಯಲ್ಲಿ ಕೂತು ಚಹಾ ಕುಡಿದು, ಹಳ್ಳಗಳ ಬಗ್ಗೆ ಕೇಳಿಕೊಂಡು ಹೋಗುತ್ತೇನೆ. ಕಾಡಂಚು ಅವರು ಹೇಳಿದ ಮಾತು ಅಲ್ಲಿಗೆ ಸರಿಹೋಗುತ್ತದೆ. ಹಾಳೆ ಕೊಟ್ಟ ಮೇಲೆ ಒಂಟಿತನ ಕಡಿಮೆಯಾಯಿತಾ ಅಂದರೆ, ಇಲ್ಲ. ಮೇಲೆ ಹೋದಮೇಲೆ ಪ್ರತಿ ಹೆಜ್ಜೆಯೂ ನನ್ನದೇ. ಯಾರಿಗೋ ಗೊತ್ತಿದೆ ಅನ್ನುವುದು ಅದನ್ನು ಸುಳ್ಳು ಮಾಡುವುದಿಲ್ಲ.

ನದಿದಂಡೆ

ನಿಮ್ಮ ಬರಹವನ್ನು ತಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆ ಹಾಳೆ ನಾನೂ ಬರೆದು ಕೊಟ್ಟರೆ ಬಿಡ್ತೀಯಾ ಅಂತ ಕೇಳಿದ. ಬಿಡುತ್ತೇನೆ ಅಂದೆ. ಅಮ್ಮನಿಗೆ ಹೇಳುವುದು ಮಾತ್ರ ನಿನ್ನ ಕೆಲಸ ಅಂದೆ.

ಇಬ್ಬರ ಅಮ್ಮ

ಹೇಳಲಿ. ಅವರು ಮೊದಲು ಅಳುತ್ತಾರೆ, ಆಮೇಲೆ ಚಟ್ನಿಪುಡಿ ಕಟ್ಟಿಕೊಡುತ್ತಾರೆ.

ಒಂಟಿ ಹೆಜ್ಜೆ, ನನಗೆ ಒಂದು ವಿಷಯ ತಿಳಿಸು ಮಗಾ. ಹಾಳೆ ಕೈಯಲ್ಲಿದೆ, ಹೇಳಿದ ಹೊತ್ತಿಗೆ ಹುಡುಗ ಬರಲಿಲ್ಲ. ಮನೆಯಲ್ಲಿರುವವರು ಎಷ್ಟು ಹೊತ್ತು ಕಾಯಬೇಕು? ಬೇಗ ಫೋನ್ ಮಾಡಿದರೆ ಅವನಿಗೆ ಸಿಟ್ಟು, ತಡ ಮಾಡಿದರೆ ನಮಗೆ ಎದೆ ಒಡೆಯುತ್ತದೆ.

ಒಂಟಿ ಹೆಜ್ಜೆ

ಆ ಹೊತ್ತನ್ನೂ ಹಾಳೆಯಲ್ಲೇ ಬರೆಸಿಕೊಳ್ಳಿ ಅಮ್ಮ. ಸಂಜೆ ಬರುತ್ತೇನೆ ಅಂತ ಬರೆದರೆ ಒಪ್ಪಬೇಡಿ, ಗಂಟೆ ಬರೆಸಿ. ಭಾನುವಾರ ಸಂಜೆ ಆರಕ್ಕೆ ಇಳಿಯುವ ಅಂದಾಜಿದ್ದರೆ ನಾನು ರಾತ್ರಿ ಒಂಬತ್ತು ಅಂತ ಬರೆಯುತ್ತೇನೆ. ನೆಟ್‌ವರ್ಕ್ ಸಿಗದೆ, ಬಸ್ಸು ತಪ್ಪಿ ತಡವಾಗುವುದಕ್ಕೆ ಆ ಮೂರು ಗಂಟೆ. ಒಂಬತ್ತು ದಾಟಿದರೆ ಮೊದಲು ಬೆಟ್ಟದ ಬುಡದ ಆ ಮನೆಗೆ ಫೋನ್, ಆಮೇಲೆ ಅಲ್ಲಿನ ವಲಯ ಅರಣ್ಯಾಧಿಕಾರಿ ಕಚೇರಿಗೆ, ಜೊತೆಗೆ 112ಕ್ಕೆ. ಈ ನಂಬರ್‌ಗಳೂ ಅದೇ ಹಾಳೆಯ ಹಿಂಬದಿಯಲ್ಲಿ ಇರಬೇಕು. ಸಿಟ್ಟಾದರೆ ಆಗಲಿ. ಒಂಬತ್ತಕ್ಕೆ ಮಾಡಿ.